ಸಾಲ ಮನ್ನಾ: ಷರತ್ತುಗಳು ಅನ್ವಯ

2021ರ ಮಾರ್ಚ್ ತಿಂಗಳ ಒಂದು ರಾತ್ರಿ, ಹಾಸನದಲ್ಲಿ ಹೋಟೆಲ್ ನಡೆಸುವ ನನ್ನ ತಮ್ಮ ದೂರವಾಣಿ ಕರೆ ಮಾಡಿದ. ಅವನಿಗದು ಬೆಳಗಿನ ತಿಂಡಿಯ ಗದ್ದಲ ಮುಗಿದ ಬಿಡುವಿನ ಹೊತ್ತು. ಕುಶಲ ಪ್ರಶ್ನೆಯೆಲ್ಲ ಆದ ಮೇಲೆ, ಕೇಳಬೇಕೋ ಬೇಡವೋ ಎಂಬ ಅನುಮಾನದಲ್ಲೇ ಕೇಳಿದ: ‘ಏನಣ್ಣ, ನಿನ್ ಸಾಲ ಅಷ್ಟೂ ಮನ್ನಾ ಆಯ್ತಂತೆ?’

‘ಆಯ್ತು ಕಣೋ.’

‘ಬಡ್ಡಿ?’

‘ಅದೂ.’

ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಯಾರಿಗೆ ಎಷ್ಟು ಕೊಟ್ಟೆ?’ ಎಂದ. ಯಾರಿಗೂ ಏನೂ ಕೊಡಲಿಲ್ಲ, ಒಂದು ಪೆಟ್ಟಿಗೆ ತುಂಬ ಕಾಗದ ಕೊಟ್ಟೆ ಅಷ್ಟೆ ಎಂದರೆ ಅವನು ನಂಬಲಿಲ್ಲ. ನಂಬದಿದ್ದುದರಲ್ಲಿ ಆಶ್ಚರ್ಯವೂ ಇಲ್ಲ. ‘ಮನ್ನಾ’ ಎಂಬ ಮಾತಿಗೆ ನಮ್ಮ ಕಡೆ ಇರುವ ಅರ್ಥವೇ ಬೇರೆ. ಅಲ್ಲಿ ಮೊದಲು ಸಾಲ, ನಂತರ ಬರಗಾಲ, ಸುಸ್ತಿ, ಜಪ್ತಿಯ ನೋಟಿಸು, ಚುನಾವಣೆ, ಕಟ್ಟಕಡೆಗೆ ಮನ್ನಾ. 1990ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಪರಿಹಾರ ಕೊಟ್ಟಾಗ, ಹೊಟ್ಟೆ ಬಟ್ಟೆ ಕಟ್ಟಿ ಕಂತು ತೀರಿಸಿದ್ದ ನಮ್ಮ ತಂದೆ ಜಗಲಿಯ ಮೇಲೆ ಕುಳಿತು ತಮ್ಮನ್ನು ತಾವೇ ಮೂರ್ಖನೆಂದು ಕರೆದುಕೊಂಡದ್ದು ನನಗೆ ನೆನಪಿದೆ. 2018ರಲ್ಲಿ ರಾಜ್ಯದಲ್ಲಿ ಎರಡು ಲಕ್ಷ ರೂಪಾಯಿವರೆಗಿನ ಸಾಲ ಮನ್ನಾ ಘೋಷಣೆಯಾದಾಗಲೂ ಊರಿನ ಕಟ್ಟೆಯ ಮೇಲೆ ಇದೇ ಮಾತು ನಡೆದಿರಬೇಕು. ನಾನು ಪಡೆದ ಸಾಲ ಹಾಗಲ್ಲ. ಅದು ಹುಟ್ಟುವಾಗಲೇ ಮನ್ನಾದ ಜಾತಕವನ್ನು ಕೈಯಲ್ಲಿ ಹಿಡಿದು ಹುಟ್ಟಿತ್ತು. ಹೇಳಿದ ಕಡೆ, ಹೇಳಿದ ದಿನದೊಳಗೆ, ಹೇಳಿದ ಪ್ರಮಾಣದಲ್ಲಿ ಖರ್ಚು ಮಾಡಿ ತೋರಿಸಿದರೆ ಮರಳಿಸಬೇಕಾಗಿಲ್ಲ. ತಪ್ಪಿದರೆ ಅದು ಮಾಮೂಲಿ ಸಾಲ. ಇದರ ಲೆಕ್ಕ ನಿಭಾಯಿಸುವುದೆಂದರೆ ಏನೆಂಬುದನ್ನು ತಮ್ಮನಿಗೆ ದೂರವಾಣಿಯಲ್ಲಿ ವಿವರಿಸಲಾಗಲಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಾನು ಮತ್ತು ನನ್ನ ಹೆಂಡತಿ ಒಂದು ಸಣ್ಣ ಉಪಾಹಾರ ಗೃಹ ನಡೆಸುತ್ತೇವೆ. ಇಡ್ಲಿ, ದೋಸೆ, ಬಿಸಿಬೇಳೆಬಾತ್, ವಾರಾಂತ್ಯಕ್ಕೆ ಹೋಳಿಗೆ. 2020ರ ಮಾರ್ಚ್‌ನಲ್ಲಿ ನಮ್ಮಿಬ್ಬರನ್ನು ಬಿಟ್ಟು ಒಂಬತ್ತು ಮಂದಿ ಪೂರ್ಣಕಾಲದ ಕೆಲಸಗಾರರಿದ್ದರು. ಮಾರ್ಚ್ 16ರ ರಾತ್ರಿ ಎಂಟು ಗಂಟೆಯಿಂದ ರಾಜ್ಯದ ಯಾವ ಹೋಟೆಲಿನಲ್ಲೂ ಕುಳಿತು ಉಣ್ಣುವಂತಿಲ್ಲ, ಕಟ್ಟಿಸಿಕೊಂಡು ಹೋಗಬಹುದು ಎಂದು ಆಜ್ಞೆಯಾಯಿತು. ಮರುದಿನ ಆರು ಮಂದಿಯನ್ನು ಮನೆಗೆ ಕಳುಹಿಸಿದೆ. ‘ಪರಿಸ್ಥಿತಿ ಸುಧಾರಿಸಿದ ಕೂಡಲೇ ಕರೆಯುತ್ತೇನೆ’ ಎಂದು ಹೇಳುವಾಗ ಆ ಮಾತಿನಲ್ಲಿ ನನಗೇ ನಂಬಿಕೆಯಿರಲಿಲ್ಲ.

ಹನ್ನೊಂದು ದಿನಗಳ ನಂತರ, ಮಾರ್ಚ್ 27ರಂದು, ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ ಕಾಯಿದೆಯೊಳಗೆ ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಮ್ ಎಂಬ ಯೋಜನೆ ಇತ್ತು. ಸಂಬಳ ರಕ್ಷಣೆಯ ಯೋಜನೆ ಎನ್ನೋಣ. ಮೊದಲ ಕಂತಿಗೆ 34,900 ಕೋಟಿ ಡಾಲರ್ ತೆಗೆದಿರಿಸಿದ್ದರು. ಹಿಂದಿನ ವರ್ಷದ ಸರಾಸರಿ ತಿಂಗಳ ಸಂಬಳದ ಬಾಬ್ತನ್ನು ಎರಡೂವರೆಯಿಂದ ಗುಣಿಸಿದರೆ ಸಾಲದ ಮೊತ್ತ. ಬಡ್ಡಿ ಶೇ. 1. ಅಡಮಾನವಿಲ್ಲ, ಜಾಮೀನುದಾರರಿಲ್ಲ. ಕೊಡುವುದು ಬ್ಯಾಂಕು, ಖಾತರಿ ಸರ್ಕಾರದ್ದು. ಏಪ್ರಿಲ್ 3ರಂದು ಅರ್ಜಿ ಸ್ವೀಕಾರ ಆರಂಭವಾಯಿತು. ಏಪ್ರಿಲ್ 16ಕ್ಕೆ ಹಣ ಖಾಲಿ!

ಆ ಹದಿಮೂರು ದಿನ ನಾನು ಹದಿನಾಲ್ಕು ವರ್ಷದಿಂದ ಖಾತೆ ಇಟ್ಟಿದ್ದ ದೊಡ್ಡ ಬ್ಯಾಂಕಿನ ಜಾಲತಾಣದ ಮುಂದೆ ಕುಳಿತಿದ್ದೆ. ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಸಾಲು ಕದಲಲಿಲ್ಲ. ಅದೇ ಹೊತ್ತಿನಲ್ಲಿ ಷೇರುಪೇಟೆಯಲ್ಲಿ ವಹಿವಾಟು ನಡೆಸುವ ಷೇಕ್ ಶ್ಯಾಕ್ ಎಂಬ ಬರ್ಗರ್ ಸರಪಳಿಗೆ ಒಂದು ಕೋಟಿ ಡಾಲರ್ ಮಂಜೂರಾದ ಸುದ್ದಿ ಬಂತು. ಪ್ರತಿ ಶಾಖೆಯಲ್ಲಿ 500ಕ್ಕಿಂತ ಹೆಚ್ಚು ನೌಕರರಿಲ್ಲದ ಹೋಟೆಲ್ ಸರಪಳಿಗಳೂ ‘ಸಣ್ಣ ಉದ್ದಿಮೆ’ಯ ಸಾಲಿಗೆ ಸೇರುವಂತೆ ಕಾಯಿದೆಯೇ ಅವಕಾಶ ಕೊಟ್ಟಿತ್ತು. ಟೀಕೆ ಎದ್ದ ಮೇಲೆ ಅವರು ಹಣ ಮರಳಿಸಿದರು, ಅದು ಬೇರೆ ಮಾತು. ಏಪ್ರಿಲ್ 24ರಂದು ಇನ್ನೂ 31,000 ಕೋಟಿ ಡಾಲರ್ ಸೇರಿಸಿದಾಗ ನಾನು ದೊಡ್ಡ ಬ್ಯಾಂಕಿನ ಸಹವಾಸ ಬಿಟ್ಟು, ನಮ್ಮ ಬಡಾವಣೆಯಲ್ಲೇ ಎರಡು ಶಾಖೆಗಳಿರುವ ಒಂದು ಪುಟ್ಟ ಬ್ಯಾಂಕಿಗೆ ಹೋದೆ. ಅಲ್ಲಿಯ ಅಧಿಕಾರಿಣಿ ನಮ್ಮ ಮಸಾಲೆ ದೋಸೆಯ ಗಿರಾಕಿ. ದೋಸೆಯಿಂದ ಸಾಲ ಸಿಕ್ಕಿತೆಂದು ಹೇಳುತ್ತಿಲ್ಲ. ಆದರೆ ದೂರವಾಣಿ ಎತ್ತುವ ಒಬ್ಬ ಮನುಷ್ಯರು ಆ ತುದಿಯಲ್ಲಿದ್ದರು. ಮೇ 6ರಂದು 61,500 ಡಾಲರ್ ಖಾತೆಗೆ ಬಿತ್ತು. ಅಂದಿನ ದರದಲ್ಲಿ ಸುಮಾರು 46 ಲಕ್ಷ ರೂಪಾಯಿ.

ಹಣ ಬಂದ ದಿನದಿಂದಲೇ ಗಡಿಯಾರ ಓಡತೊಡಗಿತು. ಎಂಟು ವಾರ, ಅಂದರೆ ಜೂನ್ 30ರೊಳಗೆ ಖರ್ಚಾಗಬೇಕು. ಅದರಲ್ಲಿ ಶೇ. 75 ಭಾಗ ಸಂಬಳಕ್ಕೆ. ಉಳಿದದ್ದು ಬಾಡಿಗೆ, ವಿದ್ಯುತ್ತು, ಅನಿಲ, ನೀರು, ದೂರವಾಣಿಗೆ. ಕೆಲಸಗಾರರ ಸಂಖ್ಯೆ ಇಳಿದರೆ ಮನ್ನಾ ಮೊತ್ತವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಯಾರದಾದರೂ ಸಂಬಳವನ್ನು ಕಾಲುಭಾಗಕ್ಕಿಂತ ಹೆಚ್ಚು ಕಡಿತ ಮಾಡಿದರೂ ಅಷ್ಟೆ. ನಮ್ಮ ಲೆಕ್ಕಪರಿಶೋಧಕರು ಮೊದಲ ದಿನವೇ ಹೇಳಿದರು: ‘ಈ ಹಣಕ್ಕೆ ಬೇರೆಯೇ ಖಾತೆ ತೆರೆಯಿರಿ. ಪ್ರತಿ ಸಂಬಳದ ದಿನ ಅಷ್ಟೇ ಮೊತ್ತ ಆಚೆ ಹೋಗಲಿ. ಇದನ್ನು ನಿಮ್ಮ ದುಡ್ಡು ಎಂದುಕೊಳ್ಳಬೇಡಿ, ದೇವಸ್ಥಾನದ ಹುಂಡಿ ಎಂದುಕೊಳ್ಳಿ.’ ಆದರೂ ಎರಡನೆಯ ವಾರದಲ್ಲೇ ಉದ್ದಿನಬೇಳೆಯ ಮೂಟೆಗಳಿಗೆ ಆ ಖಾತೆಯಿಂದ ಚೆಕ್ಕು ಬರೆದು ಬೈಸಿಕೊಂಡೆ. ಆಗಿನ ನಿಯಮದ ಪ್ರಕಾರ ಉದ್ದಿಲ್ಲದೆ ದೋಸೆ ಹುಯ್ಯಬಹುದು, ಕೆಲಸಗಾರನಿಲ್ಲದೆ ಮಾತ್ರ ಹುಯ್ಯುವಂತಿಲ್ಲ! ಸರಕು ಸಾಮಗ್ರಿಯ ಖರ್ಚನ್ನೂ ಒಪ್ಪಿದ್ದು ಡಿಸೆಂಬರ್‌ನಲ್ಲಿ ಕಾಯಿದೆ ಮತ್ತೆ ತಿದ್ದುಪಡಿಯಾದಾಗ.

ಒಂದು ಸಣ್ಣ ಗಣಿತ ಆಗ ನನ್ನ ನಿದ್ದೆ ಕೆಡಿಸಿತ್ತು. ನಮ್ಮ ತಿಂಗಳ ಸಂಬಳದ ಬಾಬ್ತು 24,600 ಡಾಲರ್. ಕೊಟ್ಟದ್ದು ಎರಡೂವರೆ ತಿಂಗಳಿನದು. ಖರ್ಚು ಮಾಡಲು ಗಡುವು ಎರಡು ತಿಂಗಳಿಗಿಂತ ಕಡಿಮೆ. ಒಂಬತ್ತೂ ಮಂದಿಯನ್ನು ಪೂರ್ತಿ ಸಂಬಳಕ್ಕೆ ಇಟ್ಟುಕೊಂಡರೂ ಎಂಟು ವಾರಕ್ಕೆ ಸುಮಾರು 45,400 ಡಾಲರ್, ಅಂದರೆ ಸಾಲದ ಶೇ. 74. ಎಲ್ಲವೂ ಸುಸೂತ್ರವಾಗಿ ನಡೆದರೂ ಶೇ. 75ರ ಗೆರೆ ಕೂದಲೆಳೆಯಷ್ಟು ದೂರದಲ್ಲಿ ತಪ್ಪುತ್ತಿತ್ತು. ಒಬ್ಬರು ಕಡಿಮೆಯಾದರೂ ಕೈಯಿಂದ ತೆರಬೇಕು. ಹೀಗಾಗಿ ಮನೆಗೆ ಕಳುಹಿಸಿದ್ದ ಆರೂ ಮಂದಿಗೆ ಫೋನಾಯಿಸಿದೆ.

ಈಗ ಹಿಂದಿರುಗಿ ನೋಡಿದರೆ, ಆ ಫೋನುಗಳ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಆ ದಿನಗಳಲ್ಲಿ ನಿರುದ್ಯೋಗಿಗಳಿಗೆ ರಾಜ್ಯದ ಭತ್ಯೆಯ ಮೇಲೆ ಕೇಂದ್ರ ಸರ್ಕಾರ ವಾರಕ್ಕೆ 600 ಡಾಲರ್ ಹೆಚ್ಚುವರಿಯಾಗಿ ಕೊಡುತ್ತಿತ್ತು. ವಾರಕ್ಕೆ 620 ಡಾಲರ್ ದುಡಿಯುತ್ತಿದ್ದ ನಮ್ಮ ಅಡುಗೆ ಸಹಾಯಕನಿಗೆ ನ್ಯೂಜೆರ್ಸಿಯ ಶೇ. 60ರ ಲೆಕ್ಕದಲ್ಲಿ 372, ಜೊತೆಗೆ 600, ಒಟ್ಟು 972 ಡಾಲರ್ ಮನೆಯಲ್ಲಿ ಕುಳಿತರೆ ಸಿಗುತ್ತಿತ್ತು. ಒಂದೇ ಕಾಯಿದೆಯ ಒಂದು ಪುಟ ಅವನನ್ನು ಮನೆಯಲ್ಲಿರು ಎನ್ನುತ್ತಿತ್ತು, ಇನ್ನೊಂದು ಪುಟ ಅವನನ್ನು ಕರೆಸು ಎಂದು ನನಗೆ ಹೇಳುತ್ತಿತ್ತು. ಐವರು ಬಂದರು. ನನ್ನ ಮೇಲಿನ ವಿಶ್ವಾಸಕ್ಕೆ ಬಂದರೋ, ಮುಂದೆ ಕೆಲಸ ಹೋದೀತೆಂಬ ಭಯಕ್ಕೆ ಬಂದರೋ, ನಾನು ಕೇಳಲಿಲ್ಲ. ಕುಳಿತು ಉಣ್ಣುವವರಿಲ್ಲದ ಹೋಟೆಲಿನಲ್ಲಿ ಎಂಟು ಮಂದಿಗೆ ಏನು ಕೆಲಸ? ಗೋಡೆಗೆ ಬಣ್ಣ ಹೊಡೆದರು. ಹೊಳೆಯುತ್ತಿದ್ದ ಪಾತ್ರೆಗಳನ್ನೇ ಮತ್ತೆ ಬೆಳಗಿದರು. ಹತ್ತಿರದ ಆಸ್ಪತ್ರೆಯ ದಾದಿಯರಿಗೆ ಮೊಸರನ್ನದ ಪೊಟ್ಟಣ ಕಟ್ಟಿದರು.

ಆರನೆಯವರು ಬರಲಿಲ್ಲ. ಎಕ್ವಡಾರ್ ದೇಶದಿಂದ ಬಂದ ಆಕೆ ಹನ್ನೊಂದು ವರ್ಷದಿಂದ ನಮ್ಮ ದೋಸೆಕಲ್ಲಿನ ಮುಂದೆ ನಿಂತಿದ್ದವರು. ನನಗಿಂತ ತೆಳುವಾಗಿ ಹುಯ್ಯಬಲ್ಲರು. ಅವರ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ‘ನಾನು ಇಲ್ಲಿಂದ ರೋಗ ಹೊತ್ತುಕೊಂಡು ಹೋದರೆ ಅವರು ಉಳಿಯುವುದಿಲ್ಲ’ ಎಂದರು. ಎದುರಾಡಲು ನನ್ನಲ್ಲಿ ಮಾತಿರಲಿಲ್ಲ.

ಆದರೆ ನಿಯಮದಲ್ಲಿ ಇದಕ್ಕೂ ಒಂದು ಕಲಮು ಇತ್ತು. ಹಳೆಯ ಸಂಬಳಕ್ಕೇ ಮರಳಿ ಬರುವಂತೆ ಲಿಖಿತವಾಗಿ ಕರೆದು, ಕೆಲಸಗಾರರು ನಿರಾಕರಿಸಿದ್ದಕ್ಕೆ ದಾಖಲೆ ಇಟ್ಟುಕೊಂಡರೆ, ಆ ಒಬ್ಬರ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಕೆ ಬೇಡವೆನ್ನದೆ ಒಂದು ಹಾಳೆಯ ಮೇಲೆ ಎರಡು ಸಾಲು ಬರೆದುಕೊಟ್ಟರು. ಮೇ 22ರ ಹೊತ್ತಿಗೆ ಹೊರಟ ಹೊಸ ಸುತ್ತೋಲೆ ಇನ್ನೊಂದು ಷರತ್ತು ಸೇರಿಸಿತು: ಈ ವಿನಾಯಿತಿ ಬೇಕಾದವರು, ಕೆಲಸಗಾರರು ನಿರಾಕರಿಸಿದ ಸಂಗತಿಯನ್ನು 30 ದಿನದೊಳಗೆ ರಾಜ್ಯದ ನಿರುದ್ಯೋಗ ಭತ್ಯೆ ಕಚೇರಿಗೆ ತಿಳಿಸತಕ್ಕದ್ದು. ತಿಳಿಸಿದರೆ ಆಕೆಯ ಭತ್ಯೆ ನಿಲ್ಲಬಹುದು, ಕನಿಷ್ಠ ವಿಚಾರಣೆಯಾದರೂ ನಡೆದೀತು. ತಿಳಿಸದಿದ್ದರೆ ಒಂಬತ್ತರಲ್ಲಿ ಒಂದು ಪಾಲು, ಸುಮಾರು 6,800 ಡಾಲರ್, ನನ್ನ ತಲೆಯ ಮೇಲೆ ಸಾಲವಾಗಿ ಉಳಿಯುತ್ತದೆ. ರೂಪಾಯಿಯಲ್ಲಿ ಐದು ಲಕ್ಷ. ಆ ತಿಂಗಳು ನಮ್ಮ ಗಲ್ಲಾಪೆಟ್ಟಿಗೆಯ ಸ್ಥಿತಿಯಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ.

ಅರ್ಜಿಯ ನಮೂನೆಯನ್ನು ತುಂಬಿದೆ ಎಂದು ಒಪ್ಪಿಕೊಳ್ಳಬೇಕು. ಕಳುಹಿಸುವ ಗುಂಡಿ ಒತ್ತುವುದೊಂದೇ ಬಾಕಿ. ಹೆಂಡತಿ ಹಿಂದಿನಿಂದ ಬಂದು ಪರದೆ ನೋಡಿದಳು. ‘ಹನ್ನೊಂದು ವರ್ಷ ಅಂದ್ರೆ ಎಷ್ಟು ದೋಸೆ ಆಯ್ತು ಲೆಕ್ಕ ಹಾಕಿ ನೋಡಿ’ ಎಂದಷ್ಟೇ ಹೇಳಿ ಒಳಗೆ ಹೋದಳು. ಆ ರಾತ್ರಿ ಒತ್ತಲಿಲ್ಲ. ಮರುದಿನವೂ ಒತ್ತಲಿಲ್ಲ. ಇದನ್ನು ಔದಾರ್ಯವೆಂದು ಬರೆದುಕೊಳ್ಳುವ ಧೈರ್ಯ ನನಗಿಲ್ಲ. 30 ದಿನದ ಗಡುವಿನಲ್ಲಿ ಇನ್ನೂ ಎರಡು ವಾರ ಉಳಿದಿತ್ತು.

ಅಷ್ಟರಲ್ಲಿ ಕಾಯಿದೆಯೇ ಬದಲಾಯಿತು. ಜೂನ್ 5ರ ತಿದ್ದುಪಡಿ ಎಂಟು ವಾರವನ್ನು ಇಪ್ಪತ್ನಾಲ್ಕು ವಾರ ಮಾಡಿತು, ಶೇ. 75 ಹೋಗಿ ಶೇ. 60 ಬಂತು. ಮುಖ್ಯವಾಗಿ, ಸೋಂಕು ತಡೆಯ ಸರ್ಕಾರಿ ನಿರ್ಬಂಧಗಳಿಂದಾಗಿ ಮೊದಲಿನಷ್ಟು ವ್ಯಾಪಾರ ನಡೆಸಲಾಗದವರಿಗೆ ಕೆಲಸಗಾರರ ಸಂಖ್ಯೆಯ ಷರತ್ತೇ ಅನ್ವಯಿಸದು ಎಂದಿತು. ಮೇಜುಗಳನ್ನೆಲ್ಲ ಮುಚ್ಚಿದ್ದ ನಮ್ಮಂಥವರಿಗೆ ಅದಕ್ಕಿಂತ ಸ್ಪಷ್ಟ ಪುರಾವೆ ಬೇಕಿರಲಿಲ್ಲ. ಆಕೆಯ ಎರಡು ಸಾಲಿನ ಕಾಗದ ನನಗೆ ಬೇಡವಾಯಿತು. ಬಾಡಿಗೆಯ ರಸೀದಿ, ವಿದ್ಯುತ್ ಬಿಲ್ಲುಗಳೂ ಬೇಡವಾದವು; ಅಕ್ಟೋಬರ್ 20ರವರೆಗಿನ ಇಪ್ಪತ್ನಾಲ್ಕು ವಾರದ ಸಂಬಳವೇ ಸಾಲದ ಮೊತ್ತವನ್ನು ಮೀರುತ್ತಿತ್ತು. ಜೂನ್ 5ಕ್ಕೆ ಮೊದಲು ಸಾಲ ಪಡೆದು, ನಿಯಮವನ್ನು ಶಿರಸಾವಹಿಸಿ, ಖಾಲಿ ಹೋಟೆಲಿನಲ್ಲಿ ಸಂಬಳ ಸುರಿದಿದ್ದ ನಮಗೆ ಈ ಸಡಿಲಿಕೆ ಸಂತೋಷವನ್ನೂ ಸಿಟ್ಟನ್ನೂ ಒಟ್ಟಿಗೇ ತಂದಿತು. ಒಂದು ತಿಂಗಳ ಹಣ ಬಣ್ಣ ಹೊಡೆಯುವುದರಲ್ಲಿ ಕರಗಿತ್ತು.

ಜೂನ್ 15ರಿಂದ ಹೊರಾಂಗಣದಲ್ಲಿ ಬಡಿಸಲು ಅನುಮತಿ ಸಿಕ್ಕಿತು. ವಾಹನ ನಿಲ್ಲಿಸುವ ಜಾಗದಲ್ಲಿ ಆರು ಮೇಜು ಹಾಕಿದೆವು. ಜುಲೈ ಮಧ್ಯದ ಹೊತ್ತಿಗೆ ಸಾಲದ ಖಾತೆ ಬರಿದಾಯಿತು. ಆಗಸ್ಟ್‌ನಲ್ಲಿ ಇಬ್ಬರನ್ನು ಮತ್ತೆ ಮನೆಗೆ ಕಳುಹಿಸಬೇಕಾಯಿತು. ಆ ವೇಳೆಗೆ ವಾರದ 600 ಡಾಲರ್ ಹೆಚ್ಚುವರಿ ಭತ್ಯೆ ಜುಲೈ ಕೊನೆಯಲ್ಲಿ ನಿಂತುಹೋಗಿತ್ತು. ಮೇ ತಿಂಗಳಿನಲ್ಲಿ ನಾನು ಕರೆಯದೇ ಇದ್ದಿದ್ದರೆ ಆ ಇಬ್ಬರ ಕೈಗೆ ಹೆಚ್ಚು ಹಣ ಬಂದಿರುತ್ತಿತ್ತು. ನನ್ನ ಸಾಲ ಮನ್ನಾ ಆಗಲೆಂದು ಅವರು ಬಂದರು. ಭತ್ಯೆ ಬತ್ತಿದ ಮೇಲೆ ನಾನು ಅವರನ್ನು ಬಿಟ್ಟೆ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು.

ನವೆಂಬರ್‌ನಲ್ಲಿ ಮನ್ನಾ ಅರ್ಜಿ ಸಲ್ಲಿಸಿದೆ. ಪರಿಶೀಲನೆಗೆ ಬ್ಯಾಂಕಿಗೆ 60 ದಿನ, ಯೋಜನೆಯ ಹೊಣೆ ಹೊತ್ತ ಸಣ್ಣ ಉದ್ದಿಮೆಗಳ ಇಲಾಖೆಗೆ 90 ದಿನ ಅವಕಾಶ. ಈ ನಡುವೆ ತೆರಿಗೆಯ ಭೂತವೊಂದು ಕಾಡಿತು. ಮನ್ನಾ ಆದ ಹಣದಿಂದ ಕೊಟ್ಟ ಸಂಬಳವನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು ತೆರಿಗೆ ಇಲಾಖೆ ಏಪ್ರಿಲ್‌ನಲ್ಲೇ ಹೇಳಿತ್ತು. ಅಂದರೆ ಒಂದು ಕೈಯಲ್ಲಿ ಕೊಟ್ಟದ್ದರಲ್ಲಿ ಒಂದು ಪಾಲನ್ನು ಇನ್ನೊಂದು ಕೈ ಕಿತ್ತುಕೊಳ್ಳುತ್ತದೆ. ಡಿಸೆಂಬರ್ 27ರ ಕಾಯಿದೆ ಅದನ್ನು ರದ್ದು ಮಾಡಿತು. ನಮ್ಮ ಲೆಕ್ಕಪರಿಶೋಧಕರು ಆ ವರ್ಷ ಒಂದೇ ಲೆಕ್ಕವನ್ನು ನಾಲ್ಕು ಬಾರಿ ಹಾಕಿದರು. ಶುಲ್ಕ ಒಂದೇ ಬಾರಿಯದು ಕೇಳಿದರು.

ಯೋಜನೆ 2021ರ ಮೇ 31ಕ್ಕೆ ಮುಗಿಯಿತು. ಒಟ್ಟು ಸುಮಾರು 1.18 ಕೋಟಿ ಸಾಲ, ಸುಮಾರು 80,000 ಕೋಟಿ ಡಾಲರ್. ಅದರಲ್ಲಿ ಶೇ. 90ಕ್ಕಿಂತ ಹೆಚ್ಚು ಮನ್ನಾ ಆಗಿದೆ. ಈ ಹಣ ಯಾರಿಗೆ ತಲುಪಿತು? ಎಂಐಟಿಯ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಇಲ್ಲವಾದರೆ ಕೆಲಸ ಕಳೆದುಕೊಳ್ಳುತ್ತಿದ್ದವರ ಕೈಸೇರಿದ್ದು ಶೇ. 23ರಿಂದ 34 ಭಾಗ ಮಾತ್ರ. ಉಳಿದದ್ದು ಮಾಲೀಕರಿಗೆ, ಷೇರುದಾರರಿಗೆ, ಸಾಲ ಕೊಟ್ಟವರಿಗೆ, ಸರಕು ಒದಗಿಸಿದವರಿಗೆ. ಒಂದು ಉದ್ಯೋಗವನ್ನು ಒಂದು ವರ್ಷ ಉಳಿಸಲು ತಗುಲಿದ ವೆಚ್ಚ 1.7 ಲಕ್ಷದಿಂದ 2.57 ಲಕ್ಷ ಡಾಲರ್ ಎಂದು ಅವರು ಲೆಕ್ಕ ಹಾಕಿದರು. ಮೋಸದ ಅರ್ಜಿಗಳ ಮೂಲಕ ಸೋರಿಹೋದದ್ದು 6,400 ಕೋಟಿ ಡಾಲರ್ ಇರಬಹುದೆಂದು 2023ರಲ್ಲಿ ಇಲಾಖೆಯ ಮಹಾ ತನಿಖಾಧಿಕಾರಿಗಳ ಕಚೇರಿ ಅಂದಾಜಿಸಿತು; ಅಷ್ಟಿಲ್ಲ ಎಂದು ಇಲಾಖೆ ವಾದಿಸಿತು.

ಇಂಥ ವರದಿ ಓದುವಾಗ ಮೊದಲು ಬೇರೆಯವರ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ನನ್ನದೇ ಪುಸ್ತಕ ತೆರೆದೆ. ನಾನು ಸಂಬಳ ಕೊಟ್ಟ ಎಂಟು ಮಂದಿಯಲ್ಲಿ ಮೂವರು ಯಾವತ್ತೂ ಮನೆಗೆ ಹೋಗಿರಲಿಲ್ಲ. ಸಾಲ ಸಿಗದಿದ್ದರೂ ಅವರಿಲ್ಲದೆ ಅಡುಗೆಮನೆ ನಡೆಯುತ್ತಿರಲಿಲ್ಲ. ಅವರ ಸಂಬಳ ನಾನೇ ಹೇಗಾದರೂ ಕೊಡುತ್ತಿದ್ದೆ. ಅಷ್ಟರ ಮಟ್ಟಿಗೆ ಸರ್ಕಾರದ ಹಣ ಕಾಪಾಡಿದ್ದು ಅವರ ಕೆಲಸವನ್ನಲ್ಲ, ನನ್ನ ಬಂಡವಾಳವನ್ನು. ಆಟರ್ ಅವರ ಆ ‘ಉಳಿದ ಭಾಗ’ದಲ್ಲಿ ನಾನೂ ಇದ್ದೇನೆ. ಹೋಟೆಲು ಮುಚ್ಚಲಿಲ್ಲ ಎಂಬುದೂ ನಿಜವೇ. ಅದು ಮುಚ್ಚಿದ್ದರೆ ಇಂದು ಒಂಬತ್ತಲ್ಲ, ಹನ್ನೊಂದು ಮಂದಿ ಬೇರೆಡೆ ಕೆಲಸ ಹುಡುಕಬೇಕಿತ್ತು. ಜರ್ಮನಿಯಲ್ಲಿ ಕುರ್ಟ್ಸ್‌ಆರ್‌ಬೈಟ್ ಎಂಬ ಹಳೆಯ ವ್ಯವಸ್ಥೆಯಿದೆ: ಕೆಲಸದ ಗಂಟೆ ಕಡಿಮೆಯಾದಾಗ ಕಳೆದುಹೋದ ಸಂಬಳದ ಶೇ. 60 ಭಾಗವನ್ನು, ಮಕ್ಕಳಿದ್ದವರಿಗೆ ಶೇ. 67 ಭಾಗವನ್ನು, ಸರ್ಕಾರ ತುಂಬಿಕೊಡುತ್ತದೆ. ಅಂಥ ಕಾಲುವೆಯನ್ನು ಅಮೆರಿಕದಲ್ಲಿ ಆ ಪ್ರಮಾಣದಲ್ಲಿ ಮೊದಲೇ ತೋಡಿರಲಿಲ್ಲ. ಬೆಂಕಿ ಬಿದ್ದ ಮೇಲೆ ಸಿಕ್ಕ ಸಿಕ್ಕ ಕೊಡದಲ್ಲಿ ನೀರು ಎರಚಿದರು. ಬೆಂಕಿಯೇನೋ ಆರಿತು, ನೆರೆಯವರ ತೋಟಕ್ಕೂ ನೀರು ಹರಿಯಿತು.

2021ರ ಎರಡನೇ ಸುತ್ತಿನಲ್ಲಿ, ಆದಾಯ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿದ್ದ ಹೋಟೆಲುಗಳಿಗೆ ಮೂರೂವರೆ ತಿಂಗಳ ಸಂಬಳದಷ್ಟು ಸಾಲ ಸಿಗುತ್ತಿತ್ತು. ಅದನ್ನೂ ಪಡೆದೆ, ಒಂದೂವರೆ ಲಕ್ಷ ಡಾಲರ್‌ವರೆಗಿನ ಸಾಲಕ್ಕೆ ಆಗ ಒಂದೇ ಪುಟದ ನಮೂನೆ. ಆಗಸ್ಟ್‌ನಲ್ಲಿ ಬಿಟ್ಟಿದ್ದ ಇಬ್ಬರಿಗೆ ಮೊದಲು ಫೋನಾಯಿಸಿದೆ. ಒಬ್ಬ ಬಂದ. ಇನ್ನೊಬ್ಬ ಗೋದಾಮೊಂದರಲ್ಲಿ ರಾತ್ರಿ ಪಾಳಿಗೆ ಸೇರಿಕೊಂಡಿದ್ದ, ಬರಲಿಲ್ಲ. ದೋಸೆಕಲ್ಲಿನ ಆಕೆ, ಗಂಡ ಹೆಂಡತಿ ಇಬ್ಬರಿಗೂ ಲಸಿಕೆಯಾದ ಮೇಲೆ ಜೂನ್‌ನಲ್ಲಿ ಮರಳಿದರು. ನಾನು ಬರೆಸಿಕೊಂಡ ಆ ಕಾಗದವನ್ನು ಏನು ಮಾಡಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ತಮ್ಮನ ವಿಷಯ ಅರ್ಧಕ್ಕೆ ನಿಂತಿತು. 2020ರ ಮೇ ತಿಂಗಳಲ್ಲಿ ಭಾರತ ಸರ್ಕಾರ ಮೂರು ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಪ್ರಕಟಿಸಿದಾಗ ಅವನಿಗೂ ಬ್ಯಾಂಕಿನಿಂದ ಕರೆ ಬಂದಿತ್ತು. ಫೆಬ್ರುವರಿ 29ಕ್ಕೆ ಬಾಕಿಯಿದ್ದ ಸಾಲದ ಶೇ. 20ರಷ್ಟು ಹೊಸ ಸಾಲ. ಅವನ ಬಾಕಿ 15 ಲಕ್ಷ. ಮೂರು ಲಕ್ಷ ಸಿಕ್ಕಿತು. ಬ್ಯಾಂಕುಗಳು ಶೇ. 9.25ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿರಲಿಲ್ಲ. ಅವಧಿ ನಾಲ್ಕು ವರ್ಷ, ಮೊದಲ ವರ್ಷ ಅಸಲಿಗೆ ವಿನಾಯಿತಿ. ಸರ್ಕಾರದ ಖಾತರಿ ಇದ್ದದ್ದು ಬ್ಯಾಂಕಿಗೆ. ಮನ್ನಾದ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಯಾರನ್ನು ಕರೆಸಬೇಕು, ಯಾರನ್ನು ಬಿಡಬೇಕು ಎಂದು ಅವನನ್ನು ಯಾರೂ ಕೇಳಲಿಲ್ಲ. ಏಳು ಮಂದಿಯಲ್ಲಿ ನಾಲ್ವರು ಊರು ಸೇರಿಕೊಂಡರು, ಇಬ್ಬರು ತಿರುಗಿ ಬಂದರು.

2024ರ ಆಗಸ್ಟ್‌ನಲ್ಲಿ ಅವನ ಕೊನೆಯ ಕಂತು ತೀರಿತು. ಸಾಲ ತೀರಿದೆ ಎಂದು ಬ್ಯಾಂಕಿನವರು ಕೊಟ್ಟ ಒಂದು ಪುಟದ ಪತ್ರಕ್ಕೆ ಚೌಕಟ್ಟು ಹಾಕಿಸಿ ಗಲ್ಲಾದ ಹಿಂದೆ, ಲಕ್ಷ್ಮಿಯ ಪಟದ ಪಕ್ಕದಲ್ಲಿ ತೂಗುಹಾಕಿದ್ದಾನೆ. ನನ್ನದು ಪೆಟ್ಟಿಗೆ. ಮನ್ನಾ ಆದ ದಿನದಿಂದ ಆರು ವರ್ಷ ಕಾಗದಪತ್ರ ಕಾಪಾಡಬೇಕೆಂಬುದು ನಿಯಮ. ಈ ಸಾಲಗಳಲ್ಲಿನ ವಂಚನೆಯ ಮೇಲೆ ಮೊಕದ್ದಮೆ ಹೂಡುವ ಅವಧಿಯನ್ನು 2022ರ ಆಗಸ್ಟ್‌ನಲ್ಲಿ ಹತ್ತು ವರ್ಷಕ್ಕೆ ಏರಿಸಿದ ಮೇಲೆ ನಮ್ಮ ಲೆಕ್ಕಪರಿಶೋಧಕರು, ‘ಹತ್ತು ವರ್ಷ ಇಡಿ, ಜಾಗವೇನೂ ಕೇಳುವುದಿಲ್ಲವಲ್ಲ’ ಎಂದರು. ಹಾಗಾಗಿ ಅದು ನೆಲಮಾಳಿಗೆಯಲ್ಲಿ, ಅಕ್ಕಿ ಮೂಟೆಗಳ ಮೇಲಿನ ಅಟ್ಟದಲ್ಲಿ ಕುಳಿತಿದೆ. ಸಂಬಳದ ಪಟ್ಟಿ, ಬ್ಯಾಂಕಿನ ವಿವರ, ಉಪಯೋಗಕ್ಕೆ ಬಾರದ ಬಾಡಿಗೆ ರಸೀದಿ, ಉದ್ದಿನಬೇಳೆಯ ಚೆಕ್ಕಿನ ಪ್ರತಿ. ಎಲ್ಲಕ್ಕಿಂತ ಕೆಳಗೆ, ಸ್ಪ್ಯಾನಿಷ್ ಭಾಷೆಯಲ್ಲಿ ಬರೆದ ಎರಡು ಸಾಲಿನ ಹಾಳೆ.